ಕಾದ ಗಾಳಿ, ಉದ್ದದ ಹಾದಿ

ಸ್ಪೇನ್ ದೇಶದ ರಾಜಧಾನಿಯಾದ ಮಾಡ್ರಿಡ್ ನಗರದ ಬರಾಹಾಸ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಸಮುದ್ರಮಟ್ಟದಿಂದ ಸುಮಾರು 610 ಮೀಟರ್ ಎತ್ತರದಲ್ಲಿದೆ. ನಮ್ಮ ಕೊಪ್ಪಳ ಪಟ್ಟಣವು ಸುಮಾರು 530 ಮೀಟರ್ ಎತ್ತರದಲ್ಲಿದೆ. ಭೂಪಟದ ಮೇಲೆ ಒಂದಕ್ಕೊಂದು ಏನೇನೂ ಸಂಬಂಧವಿಲ್ಲದಂತೆ ತೋರುವ ಈ ಎರಡು ಊರುಗಳು, ನೆಲದ ಗುಣವನ್ನು ಗಮನಿಸುವವನ ಕಣ್ಣಿಗೆ ಹತ್ತಿರದ ಬಂಧುಗಳಾಗಿಯೇ ಕಾಣುತ್ತವೆ: ಎರಡೂ ಕಡಲಿನಿಂದ ದೂರವಾದ, ಮಳೆ ಸಾಲದ ಪ್ರಸ್ಥಭೂಮಿಯ ಮೇಲಿವೆ, ಎರಡರ ದಿಗಂತದಲ್ಲಿಯೂ ಗ್ರಾನೈಟ್ ಶಿಲೆಯ ಎತ್ತರಗಳಿವೆ, ಅಲ್ಲಿ ಗ್ವಾದರ್ರಾಮ ಪರ್ವತಶ್ರೇಣಿ, ಇಲ್ಲಿ ಆನೆಗೊಂದಿಯ ಬಂಡೆಗಳ ಸಾಲು, ಎರಡರಲ್ಲಿಯೂ ಬೇಸಗೆಯ ಮಧ್ಯಾಹ್ನವು ಮನುಷ್ಯರನ್ನೂ ದನಕರುಗಳನ್ನೂ ಸಮಾನವಾಗಿ ನೆರಳಿಗೆ ಅಟ್ಟುವಂಥದು.

ಬರಾಹಾಸ್ ನಿಲ್ದಾಣವು 1931ರಲ್ಲಿ ಆರಂಭವಾಯಿತು. 2006ರಲ್ಲಿ ಅಲ್ಲಿ ತೆರೆಯಲ್ಪಟ್ಟ ನಾಲ್ಕನೆಯ ಟರ್ಮಿನಲ್, ಬಿದಿರಿನ ಪಟ್ಟಿಗಳನ್ನು ಹೊದಿಸಿದ ತನ್ನ ಅಲೆಯಾಕಾರದ ಛಾವಣಿಯಿಂದ ಜಗತ್ತಿನ ವಾಸ್ತುಶಿಲ್ಪಿಗಳ ಪ್ರಶಂಸೆಗೆ ಪಾತ್ರವಾಗಿದೆ. ಆದರೆ ವಿಜ್ಞಾನದ ವಿದ್ಯಾರ್ಥಿಯು ಅಲ್ಲಿಗೆ ಹೋದಪಕ್ಷದಲ್ಲಿ ಆ ಛಾವಣಿಯಿಂದ ಕಣ್ಣು ಕೀಳಿ, ಅದರ ಆಚೆ ಬಿಸಿಲಿನಲ್ಲಿ ಬಿದ್ದುಕೊಂಡಿರುವ, ಜನರು ರನ್‌ವೇ ಎಂದು ಕರೆಯುವ ಧಾವನಪಥಗಳನ್ನು ನೋಡತಕ್ಕದ್ದು. ಅಂಥವು ನಾಲ್ಕಿವೆ, ಅವುಗಳಲ್ಲಿ ಅತಿ ದೀರ್ಘವಾದುದು ನಾಲ್ಕು ಕಿಲೋಮೀಟರಿಗೂ ಮಿಗಿಲಾದ ಉದ್ದವುಳ್ಳದ್ದು. ದೊಡ್ಡ ವಿಮಾನಗಳು ಬರುತ್ತವೆ, ಆದುದರಿಂದ ದೊಡ್ಡ ಹಾದಿ ಬೇಕು ಎಂಬ ಸಮಾಧಾನ ಸುಲಭವಾಗಿ ಹೊಳೆಯುತ್ತದೆ, ಅದು ತಪ್ಪೂ ಅಲ್ಲ. ಆದರೆ ಅದೇ ವಿಮಾನವು ರೋಮ್ ನಗರದ ಫ್ಯೂಮಿಚೀನೊ ನಿಲ್ದಾಣದಲ್ಲಿ, ಅಂದರೆ ಕಡಲ ದಂಡೆಯಲ್ಲಿ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲಿಯೇ ಇರುವ ಸ್ಥಳದಲ್ಲಿ, ಅದೇ ಭಾರವನ್ನು ಹೊತ್ತು ನೆಲ ಬಿಡುವುದಕ್ಕೆ ಕಡಿಮೆ ದೂರ ಓಡಿದರೆ ಸಾಕಾಗುವುದು ಏತಕ್ಕೆ ಎಂಬ ಪ್ರಶ್ನೆಗೆ ಆ ಸಮಾಧಾನವು ಉತ್ತರ ಕೊಡಲಾರದು. ಉತ್ತರವಿರುವುದು ಗಾಳಿಯಲ್ಲಿ, ಮತ್ತು ಆ ಉತ್ತರವು ಮಾಡ್ರಿಡ್ಡಿಗೆ ಎಷ್ಟು ಸಲ್ಲುವುದೋ ತಮ್ಮದೇ ಒಂದು ವಿಮಾನ ನಿಲ್ದಾಣವನ್ನು ಬಯಸುತ್ತಿರುವ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗೂ ಅಷ್ಟೇ ಸಲ್ಲುವುದರಿಂದ ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿಚಾರಿಸುವುದು ಉಚಿತವಾಗಿದೆ.

ವಿಮಾನದ ರೆಕ್ಕೆಯು ತನ್ನ ಮೇಲೆ ಹರಿದುಬರುವ ಗಾಳಿಯನ್ನು ಕೆಳಮುಖವಾಗಿ ತಿರುಗಿಸುತ್ತದೆ. ಹಾಗೆ ಕೆಳಕ್ಕೆ ತಳ್ಳಲ್ಪಟ್ಟ ಗಾಳಿಯ ಪ್ರತಿಕ್ರಿಯೆಯಿಂದ ರೆಕ್ಕೆಯು ಮೇಲಕ್ಕೆ ಎತ್ತಲ್ಪಡುತ್ತದೆ. ಈ ಎತ್ತುವ ಬಲವು ರೆಕ್ಕೆಯ ವಿಸ್ತೀರ್ಣವನ್ನೂ ಅದರ ಆಕಾರ ಮತ್ತು ಓರೆಯನ್ನೂ ವೇಗದ ವರ್ಗವನ್ನೂ ಗಾಳಿಯ ಸಾಂದ್ರತೆಯನ್ನೂ ಅವಲಂಬಿಸಿರುತ್ತದೆ. ರೆಕ್ಕೆಯ ವಿಸ್ತೀರ್ಣವನ್ನು ಕಟ್ಟಿದವನು ನಿರ್ಧರಿಸಿಬಿಟ್ಟಿದ್ದಾನೆ. ಆಕಾರವನ್ನೂ ಓರೆಯನ್ನೂ ಚಾಲಕನು ಒಂದು ಮಿತಿಯೊಳಗೆ ಮಾತ್ರ ಬದಲಿಸಬಲ್ಲನು. ಸಾಂದ್ರತೆಯು ಯಾರ ಅಧೀನದಲ್ಲಿಯೂ ಇಲ್ಲ. ಆದಕಾರಣ ಗಾಳಿಯು ವಿರಳವಾದಾಗ, ಭಾರವು ಅಷ್ಟೇ ಇರುವ ಪಕ್ಷದಲ್ಲಿ, ವೇಗವೊಂದೇ ಹೆಚ್ಚಬೇಕಾಗುತ್ತದೆ. ವೇಗ ಹೆಚ್ಚಬೇಕಾದರೆ ಓಟ ಹೆಚ್ಚಬೇಕು. ಓಟ ಹೆಚ್ಚಬೇಕಾದರೆ ನೆಲ ಹೆಚ್ಚಬೇಕು.

ಗಾಳಿಯನ್ನು ವಿರಳಗೊಳಿಸುವ ಕಾರಣಗಳು ಮುಖ್ಯವಾಗಿ ಎರಡು. ಎತ್ತರಕ್ಕೆ ಹೋದಂತೆ ಮೇಲಿರುವ ವಾಯುಮಂಡಲದ ಭಾರವು ಕಡಿಮೆಯಾಗಿ ಒತ್ತಡ ತಗ್ಗುತ್ತದೆ. ಕಾದಂತೆ ಅದೇ ಒತ್ತಡದ ಗಾಳಿಯು ಹಿಗ್ಗಿ ಹಗುರಾಗುತ್ತದೆ. ತೇವಾಂಶವೂ ಗಾಳಿಯನ್ನು ಕಿಂಚಿತ್ ಹಗುರಗೊಳಿಸುತ್ತದೆ. ನೀರಿನ ಆವಿಯ ಅಣುವು ಸಾರಜನಕ, ಆಮ್ಲಜನಕಗಳ ಅಣುಗಳಿಗಿಂತ ಹಗುರವಾದುದರಿಂದ ಹೀಗಾಗುತ್ತದೆ, ಆದರೆ ನಮ್ಮ ಒಣ ಸೀಮೆಯಲ್ಲಿ ಇದು ಅಷ್ಟೊಂದು ಗಣನೀಯವಲ್ಲ. ವಿಮಾನವಿಜ್ಞಾನಿಗಳು ಹೋಲಿಕೆಗಾಗಿ ಒಂದು ಪ್ರಮಾಣ ವಾಯುಮಂಡಲವನ್ನು ಕಲ್ಪಿಸಿಕೊಂಡಿದ್ದಾರೆ: ಸಮುದ್ರಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಒಂದು ಘನಮೀಟರ್ ಗಾಳಿಗೆ 1.225 ಕಿಲೋಗ್ರಾಂ ತೂಕ, ಒಂದು ಕಿಲೋಮೀಟರ್ ಮೇಲೇರಿದಂತೆ ಆರೂವರೆ ಡಿಗ್ರಿ ಉಷ್ಣತೆಯ ಇಳಿಕೆ. ಈ ಲೆಕ್ಕದ ಪ್ರಕಾರ ಕೊಪ್ಪಳದ ಎತ್ತರದಲ್ಲಿ ಉಷ್ಣತೆಯು ಸುಮಾರು ಹನ್ನೊಂದೂವರೆ ಡಿಗ್ರಿ ಇರತಕ್ಕದ್ದು. ಏಪ್ರಿಲ್ ತಿಂಗಳ ಅಪರಾಹ್ನದಲ್ಲಿ ಕೊಪ್ಪಳದ ಕೋಟೆಯ ಬುಡದಲ್ಲಿಯೋ ಗವಿಮಠದ ಬೆಟ್ಟದ ಬಳಿಯೋ ನಿಂತವರಿಗೆ ಈ ಅಂಕೆಯು ಎಷ್ಟು ದೂರದ್ದೆಂಬುದನ್ನು ಹೇಳಬೇಕಾಗಿಲ್ಲ.

ಉಷ್ಣತೆ 40 ಡಿಗ್ರಿ ಇರುವ ಒಂದು ಮಧ್ಯಾಹ್ನವನ್ನು ತೆಗೆದುಕೊಳ್ಳೋಣ. ಆಗ ಇಲ್ಲಿಯ ಗಾಳಿಯ ಒಂದು ಘನಮೀಟರಿನ ತೂಕ ಸುಮಾರು 1.06 ಕಿಲೋಗ್ರಾಂ ಮಾತ್ರ; ಅಂದರೆ ಪ್ರಮಾಣಗಾಳಿಗಿಂತ ಶೇಕಡ 13ರಿಂದ 14ರಷ್ಟು ಕಡಿಮೆ. ಪ್ರಮಾಣ ವಾಯುಮಂಡಲದಲ್ಲಿ ಇಂಥ ವಿರಳವಾದ ಗಾಳಿಯನ್ನು ಹುಡುಕಿಕೊಂಡು ಹೋಗಬೇಕಾದರೆ ಸುಮಾರು 1500 ಮೀಟರ್ ಏರಬೇಕು. ಇದಕ್ಕೆ ಸಾಂದ್ರತಾ ಔನ್ನತ್ಯವೆಂದು ಹೆಸರು. ನಂದಿಬೆಟ್ಟದ ಶಿಖರದ ಎತ್ತರ 1478 ಮೀಟರ್. ಆದ್ದರಿಂದ ಬೇಸಗೆಯ ನಡುಹಗಲಿನಲ್ಲಿ ಕೊಪ್ಪಳದ ಬಯಲಿನಿಂದ ಏಳುವ ವಿಮಾನದ ರೆಕ್ಕೆಗಳ ಪಾಲಿಗೆ ಆ ಬಯಲು ನಂದಿಬೆಟ್ಟದ ನೆತ್ತಿಯಷ್ಟು ಮೇಲಿದೆ. ಭೂಮಾಪಕನು ಅಳೆದ ಎತ್ತರ ಒಂದು, ರೆಕ್ಕೆಯು ಅನುಭವಿಸುವ ಎತ್ತರ ಅದರ ಮೂರು ಪಟ್ಟು ಹತ್ತಿರ.

ಇದೇ ಲೆಕ್ಕವನ್ನು ಬೇರೆ ಊರುಗಳಿಗೂ ಹಾಕಿ ನೋಡುವುದು ಬಹಳ ಬೋಧಪ್ರದವಾದುದು. ಜುಲೈ ತಿಂಗಳ ಮಾಡ್ರಿಡ್ಡಿನಲ್ಲಿ 35 ಡಿಗ್ರಿ ಉಷ್ಣತೆಯಿದ್ದಾಗ ಬರಾಹಾಸ್ ನಿಲ್ದಾಣದ ಗಾಳಿಯ ಸಾಂದ್ರತೆ ಸುಮಾರು 1.065, ಕೊಪ್ಪಳದ ಆ ಮಧ್ಯಾಹ್ನದ ಗಾಳಿಗೂ ಅದಕ್ಕೂ ಭೇದವೇ ಇಲ್ಲವೆನ್ನಬಹುದು. ಇನ್ನು ದೇವನಹಳ್ಳಿಯ ಬಳಿಯ ಕೆಂಪೇಗೌಡ ವಿಮಾನ ನಿಲ್ದಾಣವು 915 ಮೀಟರ್ ಎತ್ತರದಲ್ಲಿದೆ. ಅಲ್ಲಿ 25 ಡಿಗ್ರಿಯ ಹಿತವಾದ ಹವೆಯಿರುವಾಗ ಸಾಂದ್ರತೆಯು ಪುನಃ ಅದೇ 1.06. ಬೆಂಗಳೂರಿನ ತಂಪು ಗಾಳಿಯೂ ಕೊಪ್ಪಳದ ಉರಿಗಾಳಿಯೂ ಮನುಷ್ಯನ ಚರ್ಮಕ್ಕೆ ಸ್ವರ್ಗ ನರಕಗಳಷ್ಟು ಭಿನ್ನವಾಗಿದ್ದರೂ ರೆಕ್ಕೆಗೆ ಅವೆರಡೂ ಒಂದೇ. ಬೆಂಗಳೂರಿಗೆ ಎತ್ತರವು ಮಾಡಿರುವುದನ್ನು ಕೊಪ್ಪಳಕ್ಕೆ ಬಿಸಿಲು ಮಾಡುತ್ತದೆ. ದೇವನಹಳ್ಳಿಯ ಎರಡು ಧಾವನಪಥಗಳೂ, 2008ರಲ್ಲಿ ತೆರೆದದ್ದೂ 2019ರಲ್ಲಿ ತೆರೆದದ್ದೂ, ತಲಾ 4000 ಮೀಟರ್ ಉದ್ದವಾಗಿರುವುದನ್ನು ಈ ಬೆಳಕಿನಲ್ಲಿ ನೋಡಬೇಕು.

ರೆಕ್ಕೆಯೊಂದೇ ಸೊರಗಿದ್ದರೆ ಕಷ್ಟವು ಅಷ್ಟಕ್ಕೇ ನಿಲ್ಲುತ್ತಿತ್ತು. ಎಂಜಿನ್ನೂ ಉಸಿರಾಡುವುದು ಅದೇ ಗಾಳಿಯನ್ನು. ಗಾಳಿ ವಿರಳವಾದರೆ ಅದರೊಳಕ್ಕೆ ಹೋಗುವ ಆಮ್ಲಜನಕವೂ ಹಿಂದಕ್ಕೆ ತಳ್ಳಲ್ಪಡುವ ವಾಯುರಾಶಿಯೂ ಕಡಿಮೆಯಾಗಿ ನೂಕುಬಲವು ಕುಗ್ಗುತ್ತದೆ. ಹೀಗೆ ಒಂದು ಕಡೆ ಹೆಚ್ಚು ವೇಗ ಬೇಕು, ಇನ್ನೊಂದು ಕಡೆ ಆ ವೇಗವನ್ನು ಗಳಿಸುವ ಶಕ್ತಿ ಕಡಿಮೆ. ಎರಡೂ ಕೂಡಿ ಕೊಪ್ಪಳದ ಆ ಮಧ್ಯಾಹ್ನದಲ್ಲಿ ಪ್ರಮಾಣಸ್ಥಿತಿಯ ಓಟಕ್ಕಿಂತ ಸ್ಥೂಲವಾಗಿ ಮೂರನೆಯ ಒಂದು ಭಾಗದಷ್ಟು ಅಧಿಕ ಓಟವನ್ನು ಬೇಡುತ್ತವೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಧಾವನಪಥಗಳ ಯೋಜಕರಿಗೆ ಹಾಕಿಕೊಟ್ಟಿರುವ ಸೂತ್ರವು ಇನ್ನೂ ಜಾಗರೂಕವಾದುದು: ಪ್ರತಿ 300 ಮೀಟರ್ ಎತ್ತರಕ್ಕೆ ಶೇಕಡ 7, ಆ ಎತ್ತರದ ಪ್ರಮಾಣ ಉಷ್ಣತೆಯನ್ನು ಮೀರಿದ ಪ್ರತಿಯೊಂದು ಡಿಗ್ರಿಗೆ ಶೇಕಡ 1ರಂತೆ ಉದ್ದವನ್ನು ಹೆಚ್ಚಿಸತಕ್ಕದ್ದು. ಇಲ್ಲಿ ತೆಗೆದುಕೊಳ್ಳಬೇಕಾದ ಉಷ್ಣತೆಯು ಯಾವುದೋ ಒಂದು ದಿನದ ದಾಖಲೆಯಲ್ಲ. ವರ್ಷದ ಅತ್ಯುಷ್ಣ ಮಾಸದ ದಿನದಿನದ ಗರಿಷ್ಠಗಳ ಸರಾಸರಿ.

ಸಣ್ಣ ಊರುಗಳಿಗೆ ಬಂದುಹೋಗುವ, ಎಪ್ಪತ್ತರ ಆಸುಪಾಸಿನ ಆಸನಗಳುಳ್ಳ ಎಟಿಆರ್ 72 ಎಂಬ ವಿಮಾನವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪೂರ್ಣಭಾರದೊಡನೆ ಸಮುದ್ರಮಟ್ಟದ ಪ್ರಮಾಣಹವೆಯಲ್ಲಿ ಅದಕ್ಕೆ ಸುಮಾರು 1300 ಮೀಟರ್ ಹಾದಿ ಸಾಕು. ಕೊಪ್ಪಳದ ಎತ್ತರವನ್ನು ಲೆಕ್ಕಕ್ಕೆ ಹಿಡಿದರೆ ಇದು 1460 ಆಗುತ್ತದೆ. ಅತ್ಯುಷ್ಣ ಮಾಸದ ಸರಾಸರಿಯನ್ನು 39 ಡಿಗ್ರಿ ಎಂದು ಇಟ್ಟುಕೊಂಡರೆ 1860 ಮೀಟರಿಗೆ ಮುಟ್ಟುತ್ತದೆ. ಮೂಲದ ಉದ್ದಕ್ಕೆ ಶೇಕಡ 43ರಷ್ಟು ಏರಿಕೆ! ಮತ್ತು ಆ ಸೂತ್ರದಲ್ಲಿಯೇ ಇನ್ನೊಂದು ಮಾತೂ ಇದೆ: ಎತ್ತರ ಮತ್ತು ಉಷ್ಣತೆಗಳ ಒಟ್ಟು ತಿದ್ದುಪಡಿಯು ಶೇಕಡ 35ನ್ನು ಮೀರಿದಲ್ಲಿ ಈ ಸ್ಥೂಲ ಗಣಿತವನ್ನು ನಂಬದೆ ಆ ಸ್ಥಳಕ್ಕೆಂದೇ ವಿಶೇಷ ಅಧ್ಯಯನವನ್ನು ನಡೆಸಬೇಕು. ಕೊಪ್ಪಳವು ಆ ಮೇರೆಯನ್ನು ದಾಟಿದ ಸ್ಥಳ. ಸಮುದ್ರತೀರದ ಯಾವುದೋ ಊರಿನ ನಕಾಶೆಯನ್ನು ತಂದು ಇಲ್ಲಿ ಹಾಸಿದರೆ ಆಗುವುದಿಲ್ಲ ಎಂಬುದು ಇದರಿಂದ ಸ್ಪಷ್ಟ.

ಹಾದಿ ಸಾಲದಾದಾಗ ವಿಮಾನದವರಿಗೆ ಉಳಿಯುವ ಉಪಾಯಗಳು ಕೆಲವೇ. ಒಂದು, ಭಾರವನ್ನು ಇಳಿಸುವುದು: ಕೆಲವು ಪ್ರಯಾಣಿಕರನ್ನೋ ಸಾಮಾನುಗಳನ್ನೋ ಇಂಧನವನ್ನೋ ಬಿಟ್ಟುಹೋಗುವುದು. ಇನ್ನೊಂದು, ಗಾಳಿ ದಟ್ಟವಾಗಿರುವ ಹೊತ್ತನ್ನು ಆರಿಸಿಕೊಳ್ಳುವುದು. 3256 ಮೀಟರ್ ಎತ್ತರದ ಲೇಹ್ ನಿಲ್ದಾಣದಲ್ಲಿ ವಿಮಾನಗಳು ಬಹುತೇಕ ಬೆಳಗಿನಲ್ಲಿಯೇ ಬಂದು ಬೆಳಗಿನಲ್ಲಿಯೇ ಹೊರಟುಹೋಗುವುದಕ್ಕೆ ಇದೂ ಒಂದು ಕಾರಣ. 2017ರ ಜೂನ್ ತಿಂಗಳಿನಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ಬಿಸಿಲು ಏರಿದಾಗ, ಒಂದು ಬಗೆಯ ಸಣ್ಣ ಜೆಟ್ ವಿಮಾನಗಳಿಗೆ ತಯಾರಕರು ಒದಗಿಸಿದ್ದ ಹಾರಾಟಸಾಮರ್ಥ್ಯದ ಕೋಷ್ಟಕಗಳು 48 ಡಿಗ್ರಿಯ ಸುಮಾರಿಗೇ ಮುಗಿದುಹೋಗಿದ್ದುದರಿಂದ, ಅವುಗಳ ಹತ್ತಾರು ಹಾರಾಟಗಳನ್ನು ರದ್ದುಪಡಿಸಬೇಕಾಯಿತು. ಅಂಥ ಉಷ್ಣತೆ ಕೊಪ್ಪಳಕ್ಕಿಲ್ಲ. ಆದರೆ ಇಲ್ಲಿ ಮುಂಜಾವಿನ 25 ಡಿಗ್ರಿಯಿಂದ ಮಧ್ಯಾಹ್ನದ 40 ಡಿಗ್ರಿಗೆ ಏರುವಷ್ಟರೊಳಗೆ ಗಾಳಿಯು ತನ್ನ ಸಾಂದ್ರತೆಯಲ್ಲಿ ಶೇಕಡ 5ರಷ್ಟನ್ನು ಕಳೆದುಕೊಂಡಿರುತ್ತದೆ. ಪ್ರತಿಯೊಂದು ಆಸನದ ಲೆಕ್ಕ ಹಾಕಿ ಬದುಕುವ ಸಣ್ಣ ವಿಮಾನಕ್ಕೆ ಇದು ಅಲ್ಪವಾದುದಲ್ಲ.

ಮಧ್ಯಾಹ್ನದ ಗಾಳಿಗೆ ಮತ್ತೊಂದು ದೋಷವೂ ಉಂಟು. ಯಲಬುರ್ಗಾ, ಕುಷ್ಟಗಿಗಳ ಬರಿಯ ಹೊಲಗಳು, ಬೆಳೆ ಕೊಯ್ದ ಮೇಲೆ, ಸೂರ್ಯನ ಶಾಖವನ್ನೆಲ್ಲ ಕುಡಿದು ತಮ್ಮ ಮೇಲಿನ ಗಾಳಿಯನ್ನು ಕಾಸುತ್ತವೆ. ಕಾದ ಗಾಳಿಯು ಅಲ್ಲಲ್ಲಿ ಕಂಬಗಳಂತೆ ಮೇಲೇಳುತ್ತದೆ. ಅದರ ಬುಡದಲ್ಲಿ ಕೆಲವೊಮ್ಮೆ ಮಣ್ಣನ್ನೂ ಒಣ ಸೊಪ್ಪನ್ನೂ ಎತ್ತಿಕೊಂಡು ಸುತ್ತುವ ಸುಳಿಗಾಳಿಯನ್ನು ಈ ಸೀಮೆಯ ಮಕ್ಕಳೆಲ್ಲ ಕಂಡಿದ್ದಾರೆ. ಅದರ ನೆತ್ತಿಯಲ್ಲಿ ರೆಕ್ಕೆ ಬಡಿಯದೆಯೇ ಸುತ್ತುತ್ತ ಏರುವ ಹದ್ದನ್ನೂ ಕಂಡಿದ್ದಾರೆ. ಹದ್ದಿಗೆ ಉಪಕಾರಿಯಾದ ಈ ಕಂಬಗಳೇ ಇಳಿಯುವ ವಿಮಾನವನ್ನು ಕುಲುಕಾಡಿಸುತ್ತವೆ. ಸೂರ್ಯೋದಯದ ಹೊತ್ತಿಗಾದರೋ ನೆಲವು ರಾತ್ರಿಯೆಲ್ಲ ತಣಿದು, ಗಾಳಿಯು ನಿಶ್ಚಲವಾಗಿರುತ್ತದೆ.

ಪಕ್ಷಿಗಳ ಮಾತು ಬಂದುದರಿಂದ ಪ್ರಕೃತಕ್ಕೆ ಸ್ವಲ್ಪ ಹೊರಗಾದರೂ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲವೂ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಾರು ಸಂಖ್ಯೆಯಲ್ಲಿ ಬರುತ್ತವೆ. ಆ ಕೆರೆಯು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಮಧ್ಯ ಏಷ್ಯದಿಂದ ಹಿಮಾಲಯವನ್ನು ದಾಟಿಬರುವ ಈ ಜಾತಿಯ ಪಕ್ಷಿಗಳು 7000 ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಹಾರಿದ್ದನ್ನು ಯಂತ್ರಗಳು ದಾಖಲಿಸಿವೆ. ಅವುಗಳ ರಕ್ತದ ಹಿಮೋಗ್ಲೋಬಿನ್ ವಿರಳವಾದ ಗಾಳಿಯಿಂದಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯಬಲ್ಲುದು. ಇನ್ನೂ ಸ್ವಾರಸ್ಯವಾದುದೆಂದರೆ, ಪರ್ವತವನ್ನು ಏರುವಾಗ ಅವು ಹೆಚ್ಚಾಗಿ ಆರಿಸಿಕೊಳ್ಳುವುದು ರಾತ್ರಿಯನ್ನೂ ನಸುಕನ್ನೂ. ಅಂದರೆ ಗಾಳಿಯು ತಣ್ಣಗೆ, ದಟ್ಟವಾಗಿ, ಸ್ತಬ್ಧವಾಗಿರುವ ವೇಳೆಯನ್ನು. ಲೇಹ್‌ಗೆ ಹೋಗುವ ವಿಮಾನಚಾಲಕರು ಗಣಿತದಿಂದ ಕಲಿತುದನ್ನು ಈ ಪಕ್ಷಿಗಳು ತಲೆಮಾರುಗಳ ಅಭ್ಯಾಸದಿಂದ ಕಲಿತಿವೆ. ಇದನ್ನು ನೆನೆದಾಗಲೆಲ್ಲ ನನಗೆ ಪರಮಾಶ್ಚರ್ಯವಾಗುತ್ತದೆ.

ಆದರೆ ವಿಮಾನಕ್ಕೂ ಪಕ್ಷಿಗೂ ಒಂದೇ ಆಕಾಶದಲ್ಲಿ ಸಾಮೀಪ್ಯ ಒಳ್ಳಿತಲ್ಲ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾದ ಮೇಲೆ ಮುನಿರಾಬಾದಿನ ಹಿಂದೆ ಒಂದು ಒಳನಾಡಿನ ಸಮುದ್ರವೇ ಹರಡಿತು. ಎಡದಂಡೆಯ ಕಾಲುವೆಯಿಂದ ಗಂಗಾವತಿಯ ನೆಲವು ಭತ್ತದ ಕಣಜವಾಯಿತು. ನೀರು ನಿಂತಲ್ಲಿ ಮೀನು, ಭತ್ತವಿದ್ದಲ್ಲಿ ಕಾಳು, ಇವೆರಡೂ ಇದ್ದಲ್ಲಿ ಕೊಕ್ಕರೆ, ಬಾತು, ಬೆಳ್ಳಕ್ಕಿಗಳು. ಹಕ್ಕಿಯೊಂದು ಎಂಜಿನ್ನಿನೊಳಕ್ಕೆ ಸೆಳೆಯಲ್ಪಟ್ಟರೆ ಅದರ ಅಲಗುಗಳು ಮುರಿಯಬಹುದು. ಆದುದರಿಂದ ಗಂಗಾವತಿಯ ನೀರಾವರಿಯ ಸಮತಟ್ಟು ಬಯಲು ಮೇಲುನೋಟಕ್ಕೆ ವಿಮಾನ ನಿಲ್ದಾಣಕ್ಕೆ ಹೇಳಿ ಮಾಡಿಸಿದಂತಿದ್ದರೂ, ಪಕ್ಷಿಗಳ ದೃಷ್ಟಿಯಿಂದಲೂ ಅನ್ನದ ದೃಷ್ಟಿಯಿಂದಲೂ ಅದನ್ನು ಬಿಟ್ಟುಬಿಡುವುದೇ ವಿವೇಕ.

ಹಾದಿಯ ಉದ್ದವಾಯಿತು, ಅದರ ದಿಕ್ಕು? ರಾಶಿ ಮಾಡುವ ರೈತನು ಕಣವನ್ನು ಗಾಳಿ ಬೀಸುವ ಕಡೆ ನೋಡಿಯೇ ಮಾಡುತ್ತಾನೆ, ಗಾಳಿಗೆ ಎದುರಾಗದ ಕಣದಲ್ಲಿ ಕಾಳು ಹೊಟ್ಟು ಬೇರೆಯಾಗುವುದಿಲ್ಲ. ವಿಮಾನ ನಿಲ್ದಾಣದ ಯೋಜಕನ ಮೊದಲ ಕೆಲಸವೂ ಅದೇ. ಎದುರುಗಾಳಿಯಲ್ಲಿ ಓಡಿದರೆ ನೆಲದ ಮೇಲಿನ ವೇಗ ಕಡಿಮೆಯಿದ್ದಾಗಲೇ ರೆಕ್ಕೆಯು ತನಗೆ ಬೇಕಾದ ಗಾಳಿಯ ವೇಗವನ್ನು ಪಡೆದುಬಿಡುತ್ತದೆ. ಧಾವನಪಥದ ತುದಿಗಳಲ್ಲಿ ಬರೆದಿರುವ ದೊಡ್ಡ ಅಂಕೆಗಳು ಅದರ ದಿಕ್ಕನ್ನೇ ಹೇಳುತ್ತವೆ: ಅಯಸ್ಕಾಂತದ ಉತ್ತರದಿಂದ ಎಣಿಸಿದ ಕೋನವನ್ನು ಹತ್ತರಿಂದ ಭಾಗಿಸಿ ಪೂರ್ಣಾಂಕಕ್ಕೆ ತಂದದ್ದು. ಬೆಂಗಳೂರಿನಲ್ಲಿ 09 ಮತ್ತು 27, ಹುಬ್ಬಳ್ಳಿಯಲ್ಲಿ 08 ಮತ್ತು 26. ಎರಡೂ ಹೆಚ್ಚುಕಡಿಮೆ ಪೂರ್ವಪಶ್ಚಿಮ. ನಮ್ಮ ನಾಡಿನ ಮುಂಗಾರು ಪಶ್ಚಿಮದಿಂದ ಬೀಸುತ್ತದೆ, ಚಳಿಗಾಲದ ಗಾಳಿ ಪೂರ್ವದ ಕಡೆಯಿಂದ. ಹೀಗೆ ಋತುಚಕ್ರವೇ ಕಾಂಕ್ರೀಟಿನ ಮೇಲೆ ಬಿಳಿಯ ಬಣ್ಣದಲ್ಲಿ ಬರೆಯಲ್ಪಟ್ಟಿದೆ.

ಆ ಮುಂಗಾರಿನ ಗಾಳಿಯ ಬಲವನ್ನು ತಿಳಿಯಲು ಯಲಬುರ್ಗಾ, ಕುಕನೂರು, ಕುಷ್ಟಗಿಗಳ ದಿಣ್ಣೆಗಳ ಮೇಲೆ ನಿಂತಿರುವ ಗಾಳಿಯಂತ್ರಗಳನ್ನು ನೋಡಿದರೆ ಸಾಕು. ಅವುಗಳಿಂದ ನಾಡಿಗೆ ಬೆಳಕು ಸಿಗುತ್ತಿದೆ. ಆದರೆ ವಿಮಾನದ ಹಾದಿಗೆ ಅವು ವಿಘ್ನ. ದೊಡ್ಡ ಧಾವನಪಥದ ಸುತ್ತ 4 ಕಿಲೋಮೀಟರ್ ಪರ್ಯಂತ 45 ಮೀಟರಿಗಿಂತ ಎತ್ತರವಾದ ಏನೂ ತಲೆಯೆತ್ತದಂತೆ ನೋಡಿಕೊಳ್ಳಬೇಕೆಂಬ ಅಂತರರಾಷ್ಟ್ರೀಯ ಪದ್ಧತಿಯಿದೆ. ಗಾಳಿಯಂತ್ರದ ಕಂಬವೊಂದೇ ಅದನ್ನು ಮೀರುತ್ತದೆ, ಅಲಗಿನ ಮಾತು ಬೇರೆ. ಇನ್ನು ಬಂಡೆಗಳ ಬೆಟ್ಟಗಳು, ಸುಮಾರು ಇನ್ನೂರೈವತ್ತು ಕೋಟಿ ವರ್ಷಗಳ ಹಿಂದಿನ ಶಿಲೆಗಳು, ಯಾರ ಅಪ್ಪಣೆಗೂ ಕದಲುವಂಥವಲ್ಲ. ನಿಲ್ದಾಣವೇ ಅವುಗಳಿಂದ ದೂರ ಸರಿಯಬೇಕು.

ಕಟ್ಟಕಡೆಗೆ ನೆಲ. ಈ ಜಿಲ್ಲೆಯ ರೈತರು ತಮ್ಮ ಭೂಮಿಯನ್ನು ಎರೆ ಎಂದೂ ಮಸಾರಿ ಎಂದೂ ವಿಂಗಡಿಸುತ್ತಾರೆ. ಎಂಜಿನಿಯರನಿಗೂ ಇದಕ್ಕಿಂತ ಉತ್ತಮವಾದ ಮೊದಲ ಪಾಠ ಬೇರೆ ಇಲ್ಲ. ಎರೆ ಎಂಬ ಕಪ್ಪು ಮಣ್ಣಿನ ಸೂಕ್ಷ್ಮವಾದ ಜೇಡಿಯ ಪದರಗಳ ನಡುವೆ ನೀರು ಸೇರಿದಾಗ ಅದು ಉಬ್ಬುತ್ತದೆ, ಬೇಸಗೆಯಲ್ಲಿ ಒಣಗಿ ಕೈ ಹೋಗುವಷ್ಟು ಅಗಲವಾಗಿ ಬಿರಿಯುತ್ತದೆ. ಜೋಳಕ್ಕೂ ಕಡಲೆಗೂ ಅಮೃತಪ್ರಾಯವಾದ ಈ ಗುಣವು, ಹತ್ತಾರು ಟನ್ ಭಾರವು ಗಂಟೆಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಬಂದು ಮುಟ್ಟುವ ಮೇಲ್ಮೈಗೆ ಮಾರಕ. ಅಂಥಲ್ಲಿ ಎರೆಯನ್ನು ಆಳವಾಗಿ ತೆಗೆದು ಮೊರಂ ತುಂಬಬೇಕು, ಅಥವಾ ಸುಣ್ಣ ಬೆರೆಸಿ ಮಣ್ಣಿನ ಸ್ವಭಾವವನ್ನು ಪಳಗಿಸಬೇಕು. ಮಸಾರಿಯ ಕೆಂಪು ನೆಲಕ್ಕೆ ಈ ಚಾಪಲ್ಯವಿಲ್ಲ.

ಕೊಪ್ಪಳದ ಜನರು ವಿಮಾನವನ್ನು ಅರಿಯದವರೇನಲ್ಲ. ಬಸಾಪುರದ ಬಳಿ ಖಾಸಗಿ ಉದ್ಯಮವೊಂದರ ವಿಮಾನಪಟ್ಟಿಯಿದೆ; ಹೊಸಪೇಟೆಯ ಆಚೆ ತೋರಣಗಲ್ಲಿನ ವಿದ್ಯಾನಗರಕ್ಕೆ 2017ರಲ್ಲಿ ಉಡಾನ್ ಎಂಬ ಪ್ರಾದೇಶಿಕ ವಿಮಾನಸಂಪರ್ಕ ಯೋಜನೆಯಡಿ ಹೈದರಾಬಾದಿನಿಂದ ವಿಮಾನಸಂಚಾರವು ಆರಂಭವಾಯಿತು; ಪಶ್ಚಿಮಕ್ಕೆ ಹುಬ್ಬಳ್ಳಿ ಇದೆ. ಅಂಜನಾದ್ರಿಗೂ ಹಂಪೆಗೂ ಇಟಗಿಯ ಮಹಾದೇವ ದೇವಾಲಯಕ್ಕೂ ದೂರದೇಶಗಳಿಂದ ಜನ ಬರುತ್ತಿರುವಾಗ, ದುಡಿಯಲು ಬೆಂಗಳೂರಿಗೋ ಪರದೇಶಕ್ಕೋ ಹೋದ ಮಕ್ಕಳನ್ನು ಇಲ್ಲಿಯ ಮನೆಗಳು ಕಾಯುತ್ತಿರುವಾಗ, ತಮ್ಮದೇ ಒಂದು ನಿಲ್ದಾಣ ಬೇಕೆಂಬ ಈ ಜಿಲ್ಲೆಯವರ ಆಸೆಯು ನ್ಯಾಯವಾದುದೇ. ಅದನ್ನು ನಾನು ಹೃತ್ಪೂರ್ವಕವಾಗಿ ಒಪ್ಪುತ್ತೇನೆ. ಆದರೆ ಆ ಕೇಳಿಕೆಯೊಳಗೆ ಕಟ್ಟಡದ ಅಂದಕ್ಕಿಂತ ಮೊದಲು ಹಾದಿಯ ಉದ್ದ ಸೇರಬೇಕು. 2023ರಲ್ಲಿ ತೆರೆದ ಶಿವಮೊಗ್ಗದ ಧಾವನಪಥವು 3200 ಮೀಟರ್ ಉದ್ದವಿದೆ. ಅದಕ್ಕಿಂತ ಹೆಚ್ಚು ಬಿಸಿಲಿಗೆ ಕಾಯುವ ಕೊಪ್ಪಳವು ಅದಕ್ಕಿಂತ ಕಡಿಮೆಗೆ ತೃಪ್ತಿಪಡಲು ಕಾರಣವಿಲ್ಲ. ರೈತನಿಂದ ನೆಲವನ್ನು ಒಂದೇ ಸಲ ಕೇಳಬೇಕು, ಮಸಾರಿ ನೆಲವನ್ನೇ ಕೇಳಬೇಕು, ನ್ಯಾಯವಾದ ಬೆಲೆ ಕೊಟ್ಟು ಕೇಳಬೇಕು. ಇಂದು ಎರಡು ಕಿಲೋಮೀಟರ್, ಹತ್ತು ವರ್ಷಗಳ ತರುವಾಯ ಇನ್ನೊಂದು ಎಂದು ಅವನ ಹೊಲವನ್ನು ತುಂಡುತುಂಡಾಗಿ ಕತ್ತರಿಸುವುದು ಅವನಿಗೂ ಅನ್ಯಾಯ, ಹಾರುವವರಿಗೂ ಅಪಾಯ. ಅದಕ್ಕೂ ಮೊದಲು, ಆರಿಸಿದ ಸ್ಥಳದಲ್ಲಿ ಕೆಲವು ವರ್ಷಗಳ ಕಾಲ ಗಂಟೆಗಂಟೆಯ ಉಷ್ಣತೆಯನ್ನೂ ಗಾಳಿಯ ದಿಕ್ಕು ವೇಗಗಳನ್ನೂ ಬರೆದಿಡುವ ಹವಾಮಾನ ಕೇಂದ್ರವೊಂದನ್ನು ನಡೆಸಬೇಕು. ಅದಕ್ಕೆ ಬೇಕಾದ ಉಪಕರಣಗಳು ಅಲ್ಪವೆಚ್ಚದವು, ಜಿಲ್ಲೆಯ ಕಾಲೇಜುಗಳ ವಿದ್ಯಾರ್ಥಿಗಳೇ ಆ ದಾಖಲೆಯನ್ನು ಇಂದಿನಿಂದಲೇ ಪ್ರಾರಂಭಿಸಬಹುದು.